ಗೋಕರ್ಣ ಕಡೆ ಹೊಂಟೀವಿ, ಬೀಚ್ ಬಿಡ್ರಿ, ಊಟದ ಸುದ್ದಿ ಹೇಳ್ರಿ

ಗಂಗಾವತಿ_ಸೊಸಿ
ನಮಸ್ಕಾರ್ರಿ ಎಲ್ಲಾರಿಗೂ. ಸಂಕ್ರಾಂತಿ ಮುಗಿದ ಮ್ಯಾಲ ಗೋಕರ್ಣಕ್ಕ ಹೋಗೂದು ಅಂತ ಮಾಡೀವಿ, ಕಾರಿನ್ಯಾಗ. ನಾನು, ನಮ್ಮನಿಯವ್ರು, ಮಕ್ಕಳು, ಅತ್ತಿ. ಯೂಟ್ಯೂಬ್ ತೆಗದ್ರ ಬರೇ ಡ್ರೋನ್ ಹಾರಿಸಿ ಸಮುದ್ರ ತೋರಸ್ತಾರ, ಇಲ್ಲಾಂದ್ರ ಓಂ ಬೀಚಿನ್ಯಾಗ ಕುಂತು ಪಿಜ್ಜಾ ತಿನ್ನೂದು ತೋರಸ್ತಾರ. ಪಿಜ್ಜಾ ತಿನ್ನಾಕ ಅಷ್ಟು ದೂರ ಯಾಕ ಹೋಗಬೇಕ್ರಿ, ಅದು ಈಗ ಗಂಗಾವತಿಯೊಳಗೂ ಸಿಗತೈತಿ. ಆ ಕಡೆ ಮಂದಿ ತಮ್ಮ ಮನ್ಯಾಗ ಏನ್ ಉಣ್ತಾರ ಅದನ್ನ ಉಣ್ಬೇಕಂತ ನನಗ ಆಸೆ. ಆದ್ರ ನಮಗ ಮೀನ ಅಂದ್ರ ಡ್ಯಾಮಿನ ರೋಹು, ಕಾಟ್ಲಾ ಅಷ್ಟ ಗೊತ್ತು, ಸಮುದ್ರದ್ದು ಯಾವುದು ಏನು ಅಂತ ಹೆಸರು ಸುದ್ದಾ ಬರಂಗಿಲ್ಲ. ಅತ್ತಿ ತತ್ತೀನೂ ಮುಟ್ಟಂಗಿಲ್ಲ, ಅವ್ರಿಗೆ ಏನ್ ಸಿಗತೈತಿ ಅದನ್ನೂ ಹೇಳ್ರಿ, ರೊಟ್ಟಿ ಕಟಗೊಂಡು ಹೋಗಬೇಕೋ ಹೆಂಗ? ಹೋಗಿ ಉಂಡು ಬಂದೋರು ಬರೀರಿ, ರೇಟಿಂಗ್ ನೋಡಿ ಹೇಳೋದಾದ್ರ ನನಗೂ ನೋಡಾಕ ಬರತೈತಿ.

ಸಂಡೂರು_ಲಾರಿ
ಅಕ್ಕಾರೆ, ಆ ರೋಡು ನನಗೆ ಬಾಯಿಪಾಠ. ನಮ್ ಕಡೆ ಅದಿರು ಜೋರಿದ್ದಾಗ ಸಂಡೂರಲ್ಲಿ ಲೋಡ್ ಮಾಡ್ಕಂಡು ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಲ್ಲಿಂದ ಅರಬೈಲ್ ಘಾಟ್ ಇಳಿದು ಅಂಕೋಲಾ, ಆಮೇಲೆ ಬೇಲೇಕೇರಿ ಬಂದರು. 2010ರಾಗೆ ಸರ್ಕಾರ ರಫ್ತು ನಿಲ್ಲಿಸಿದ ಮೇಲೆ ಆ ಓಡಾಟ ನಿಂತೋಯ್ತು, ಆದ್ರೆ ಅಲ್ಲಿ ಹತ್ತಿದ ಮೀನು ಊಟದ ಚಟ ಮಾತ್ರ ಹೋಗ್ಲಿಲ್ಲ, ಈಗ ಹೆಂಡ್ರು ಮಕ್ಕಳನ್ನ ಕರ್ಕಂಡು ಹೋಗ್ತೀನಿ.

ಒಂದೇ ಮಾತು ಹೇಳ್ತೀನಿ ಕೇಳ್ರಿ. ಮಲಗಾದು ಗೋಕರ್ಣದಾಗೆ ಮಲಗ್ರಿ, ಉಣ್ಣಾದು ಅಂಕೋಲಾ ಇಲ್ಲಾ ಕುಮಟಾದಾಗೆ ಉಣ್ರಿ. ಗೋಕರ್ಣದಿಂದ ಎರಡೂ ದೂರ ಇಲ್ಲ. ಬೀಚ್ ಮೇಲಿನ ಹೋಟೆಲಿನಾಗೆ ಸಮುದ್ರ ನೋಡಾಕೂ ಸೇರಿಸಿ ಬಿಲ್ ಹಾಕ್ತಾರೆ, ಮೆನುದಾಗೆ ಮೀನಿನ ಮುಂದೆ ರೇಟೇ ಬರ್ದಿರಲ್ಲ, ಸೈಜ್ ಮೇಲೆ ಅಂತಾರೆ. ಹಂಗಿದ್ರೆ ಮೀನು ತಂದು ತೋರಿಸಿ ರೇಟ್ ಹೇಳಿ ಆಮೇಲೆ ಕರೀರಿ ಅನ್ರಿ. ಊರೊಳಗಿನ ಸಣ್ಣ ಲಂಚ್ ಹೋಮ್‌ಗಳು ಹಂಗಲ್ಲ. ಕೋರ್ಟು, ಬ್ಯಾಂಕು, ತಾಲೂಕಾಫೀಸ್ ಮಂದಿ ಮಧ್ಯಾಹ್ನ ಒಂದು ಗಂಟೆಗೆ ಯಾವ ಕಡೆ ನಡೀತಾರೆ ನೋಡಿ ಅವರ ಹಿಂದೆ ಹೋಗ್ರಿ. ಬೆಳಿಗ್ಗೆ ತಂದ ಮೀನು ಮಧ್ಯಾಹ್ನಕ್ಕೆ ಖಾಲಿ ಆಗ್ಬೇಕು, ಅದಕ್ಕೆ ಅಲ್ಲಿ ಹಗಲೂಟನೇ ಊಟ. ಎರಡೂವರೆ ಮೂರಕ್ಕೆ ಹೋದ್ರೆ ಸಾರು ಮಾತ್ರ ಉಳಿದಿರ್ತೈತೆ.

ಘಾಟ್ ಹಗಲೊತ್ತಿನಾಗೆ ಇಳೀರಿ. ತಿರುವು ಬಾಳ, ಲಾರಿ ಬಾಳ, ಮಕ್ಕಳಿಗೆ ವಾಂತಿ ಆಗ್ತೈತೆ, ಯಲ್ಲಾಪುರದಾಗೆ ಹೊಟ್ಟಿ ತುಂಬ ತಿನ್ನಿಸಿ ಇಳಿಸಬ್ಯಾಡ್ರಿ.

ಖಾರ_ಜಾಸ್ತಿ_ಬಳ್ಳಾರಿ
ಎಲ್ಲಾ ಹೊಗಳ್ತಾರೆ, ನಾನು ಉಲ್ಟಾ ಹೇಳ್ತೀನಿ ಬೈಬ್ಯಾಡ್ರಿ. ಆ ಕಡೆ ಊಟ ನನಗೆ ಸೇರಲ್ಲ. ಎಲ್ಲದಕ್ಕೂ ಕೊಬ್ಬರಿ, ಪಲ್ಯಕ್ಕೆ ಕೊಬ್ಬರಿ, ಸಾರಿಗೆ ಕೊಬ್ಬರಿ, ಎಣ್ಣೆನೂ ಕೊಬ್ಬರಿದೇ. ಅನ್ನ ನೋಡಿದ್ರೆ ಒಂದೊಂದು ಕಾಳು ಹೆಬ್ಬೆಟ್ಟಿನಂಗೆ ಇರ್ತಾವೆ. ಒಗ್ಗರಣೆ ಮಿರ್ಚಿ ತಿಂದು ಬೆಳೆದ ಬಾಯಿಗೆ ಅದು ಹೆಂಗ್ ಹಿಡಿಸ್ತೈತೆ? ಶೇಂಗಾ ಪುಡಿ, ಕೆಂಪು ಚಟ್ನಿ ಡಬ್ಬಿ ತಗಂಡು ಹೋಗ್ರಿ, ಆಮೇಲೆ ನನ್ನ ನೆನೆಸ್ಕೊಂತೀರಿ.

ಅಂಕೋಲಾದವಳು_ಕೊಪ್ಪಳದಲ್ಲಿ
ಖಾರ ಜಾಸ್ತಿ ಅಣ್ಣ, ಕೊಬ್ಬರಿ ಅಲ್ಲ, ತೆಂಗಿನಕಾಯಿ. ಒಣಗಿದ್ದು ಬೇರೆ, ಹಸಿದು ಬೇರೆ, ನೀವು ಎರಡೂ ಒಂದೇ ಮಾಡಿಬಿಟ್ರೆ ನಮ್ಮ ಊರಿನ ಅಜ್ಜಿಯಂದಿರು ಚಟ್ಟಿ ತಗೊಂಡು ಬರ್ತಾರೆ 😄

ನಾನು ಅಂಕೋಲಾ ಹುಡುಗಿ, ಮದುವೆಯಾಗಿ ಕೊಪ್ಪಳಕ್ಕೆ ಬಂದವಳು. ಗಂಗಾವತಿ ಅಕ್ಕ, ನೀವು ಜನವರಿಗೆ ಹೋಗ್ತಾ ಇರೋದು ಒಳ್ಳೇದಾಯ್ತು. ಜೂನ್ 1ರಿಂದ ಜುಲೈ 31ರ ತನಕ ನಮ್ಮಲ್ಲಿ ಯಾಂತ್ರಿಕ ಬೋಟು ಸಮುದ್ರಕ್ಕೆ ಇಳಿಯೋ ಹಾಗಿಲ್ಲ, ಮೀನು ಮರಿ ಹಾಕೋ ಕಾಲ ಅಂತ ಸರ್ಕಾರದ ನಿಷೇಧ. ಆವಾಗ ಬಂದವರಿಗೆ ಹೋಟೆಲಲ್ಲಿ ಸಿಗೋದು ಹೆಚ್ಚಾಗಿ ಐಸಲ್ಲಿಟ್ಟದ್ದು, ಇಲ್ಲ ಹೊರಗಿಂದ ಬಂದದ್ದು. ನಮ್ಮ ಮನೆಯಲ್ಲೇ ಆ ಎರಡು ತಿಂಗಳು ಒಣಮೀನು, ಹೊಳೆಮೀನು, ಇಲ್ಲಾಂದ್ರೆ ಬರೀ ತರಕಾರಿ. ಮಳೆಗಾಲದಲ್ಲಿ ಸಮುದ್ರ ನೋಡೋಕೆ ಬಂದು ಮೀನು ಚೆನ್ನಾಗಿಲ್ಲ ಅಂತ ಬರೆಯೋರು ಸುಮಾರು ಜನ ಇದ್ದಾರೆ, ಅದು ಮೀನಿನ ತಪ್ಪಲ್ಲ.

ಈಗ ಹೆಸರು. ಬಂಗಡೆ ನಮ್ಮ ದಿನದ ಮೀನು, ರುಚಿಯಲ್ಲಿ ಅದೇ ರಾಜ, ಬೇರೆಯವರು ಏನೇ ಹೇಳಲಿ. ತಾರ್ಲೆ ಸಣ್ಣದು, ಎಣ್ಣೆ ಜಾಸ್ತಿ, ಮುಳ್ಳು ಜಾಸ್ತಿ, ಹೊಸಬರಿಗೆ ಬೇಡ. ಇಸ್ವಾಣ ದೊಡ್ಡದು, ಹೋಳು ಮಾಡಿ ಹುರೀತಾರೆ, ಮಧ್ಯ ಒಂದೇ ದಪ್ಪ ಮುಳ್ಳು, ಮಕ್ಕಳಿಗೆ ಅದು ಕೊಡಿ. ಪಾಪ್ಲೆಟ್ ಗೊತ್ತಿರ್ಬಹುದು, ರೇಟು ಜಾಸ್ತಿ, ಹೆಸರಿಗಿಂತ ರುಚಿ ಕಡಿಮೆ ಅಂತ ನನ್ನ ಅಭಿಪ್ರಾಯ. ನೊಗ್ಲಿ ಅಂದ್ರೆ ಮಂಗಳೂರು ಕಡೆಯವರ ಕಾಣೆ, ಮೈ ಮೆತ್ತಗೆ, ಸಿಕ್ಕಿದ್ರೆ ಬಿಡಬೇಡಿ. ಸೀಗಡಿ ಇದ್ದೇ ಇದೆ. ಇನ್ನೊಂದು ಬಳಚು, ಚಿಪ್ಪಿನೊಳಗಿನ ಮಾಂಸ, ಅಘನಾಶಿನಿ ಹೊಳೆಯಲ್ಲಿ ನೀರು ಇಳಿದಾಗ ಸೊಂಟದ ಮಟ್ಟ ನಿಂತು ಕೆದಕಿ ತೆಗೀತಾರೆ. ತೆಂಗಿನಕಾಯಿ ಹಾಕಿ ಅದರ ಸುಕ್ಕೆ, ಅಂದ್ರೆ ನೀರಿಲ್ಲದ ಒಣ ಪಲ್ಯದಂಥದ್ದು, ಮಾಡಿದ್ರೆ ಅನ್ನ ಎರಡು ಸಲ ಹಾಕಿಸ್ಕೊಳ್ತೀರಿ.

ಊಟ ಅಂತ ಹೇಳಿದ್ರೆ ತಟ್ಟೆಯಲ್ಲಿ ಅನ್ನ, ಮೀನಿನ ಸಾರು, ಒಂದು ಸುಕ್ಕೆ, ಒಂದು ಪಲ್ಯ, ಕೊನೆಗೆ ಮುರುಗಲು (ಕೋಕಂ) ಹುಳಿ, ತೆಂಗಿನಹಾಲು ಸೇರಿಸಿ ಮಾಡಿದ ಕುಡಿಯೋ ಸೋಲ್‌ಕಡಿ ಬರ್ತದೆ. ಹುರಿದ ಮೀನಿಗೆ ಬೇರೆ ದುಡ್ಡು. ರವಾ ಫ್ರೈ ಹೇಳಿ, ಮಸಾಲಾ ಫ್ರೈ ಬೇಡ. ಮಸಾಲೆ ಜಾಸ್ತಿ ಬಳಿದ್ರೆ ಹಳೇ ಮೀನೂ ಹೊಸದಾಗ್ತದೆ.

ಖಾರ_ಜಾಸ್ತಿ_ಬಳ್ಳಾರಿ
ಸರಿ ತಂಗಿ, ತೆಂಗಿನಕಾಯಿ. ಆದ್ರೂ ಖಾರ ಇಲ್ಲ.

ಅಂಕೋಲಾದವಳು_ಕೊಪ್ಪಳದಲ್ಲಿ
ಖಾರ ಇದೆ, ಬ್ಯಾಡಗಿ ಹಾಕ್ತಾರೆ, ಅದು ಬಣ್ಣ ಕೊಡ್ತದೆ ಹೊರತು ನಾಲಿಗೆ ಸುಡೋದಿಲ್ಲ. ನಿಮಗೆ ಕಣ್ಣಲ್ಲಿ ನೀರು ಬರದಿದ್ರೆ ಊಟ ಆಗಿಲ್ಲ ಅಂತ ಲೆಕ್ಕ.

ಸಿಂಧನೂರು_ಭತ್ತ
ಅನ್ನದ ಸುದ್ದಿ ಬಂತಲ್ಲ, ಸುಮ್ನ ಕೂಡ್ಲಾಕ ಆಗಲ್ಲ. ನಾವು ಸೋನಾ ಮಸೂರಿ ಬೆಳಿಯೋ ಮಂದಿ, ಕುಚ್ಚಲಕ್ಕಿ ಅನ್ನ ನೋಡಿದ್ರ ನಮಗ ಅರ್ಧ ಬೆಂದಂಗ ಕಾಣ್ತದ, ಅದು ಖರೆ. ಆದ್ರ ಮೀನಿನ ಸಾರಿಗೆ ನಮ್ಮ ತೆಳ್ಳನ ಅಕ್ಕಿ ಹಾಕಿ ಕಲಸ್ರಿ, ಕ್ಷಣದಾಗ ಮುದ್ದಿ ಆಗ್ತದ. ಭತ್ತ ಕುದಿಸಿ ಒಣಗಿಸಿ ಆಮ್ಯಾಲ ಅಕ್ಕಿ ಮಾಡಿರ್ತಾರ, ಅದಕ್ಕ ಕಾಳು ಒಡೆಯಂಗಿಲ್ಲ, ಸಾರು ಎಷ್ಟು ಸುರಿದ್ರೂ ನಿಲ್ತದ. ಆ ಸಾರಿಗೆ ಅದ ಅನ್ನ ಸರಿ, ಇದನ್ನ ಭತ್ತದ ವ್ಯಾಪಾರ ಮಾಡೋನಾಗಿ ಹೇಳ್ತೀನಿ.

ಇನ್ನೊಂದು, ಇದು ತಿರುಗಾಡಾಕ ಹೋಗೋರ ಕಣ್ಣಿಗೆ ಬೀಳಂಗಿಲ್ಲ. ಗೋಕರ್ಣ ಕುಮಟಾ ನಡುವ ಅಘನಾಶಿನಿ ಹೊಳಿ ಸಮುದ್ರ ಸೇರೋ ಕಡಿ ಗಜನಿ ಗದ್ದಿ ಅಂತ ಅದಾವ. ಸಮುದ್ರದ ಉಪ್ಪುನೀರು ಹೊಲದೊಳಗ ಬರ್ತದ, ಅಲ್ಲೇ ಭತ್ತ ಬೆಳಿತಾರ! ಕಗ್ಗ ಅಂತ ತಳಿ, ಉದ್ದಕ್ಕ ಬೆಳಿತದ, ನೀರಾಗ ಮುಳುಗಿದ್ರೂ ತಡಕೊಂತದ, ಉಪ್ಪೂ ತಡಕೊಂತದ. ಅಕ್ಕಿ ಕೆಂಪಗ. ಕಟಾವು ಮಾಡೋವಾಗ ಬರೇ ತೆನಿ ಕೊಯ್ತಾರ, ಹುಲ್ಲು ಅಲ್ಲೇ ಬಿಡ್ತಾರ, ಅದು ಕೊಳೆತು ಮೀನಿಗೆ ಸೀಗಡಿಗೆ ಮೇವಾಗ್ತದ. ಭತ್ತ ಮುಗಿದ ಮ್ಯಾಲ ಅದ ಗದ್ದಿಯೊಳಗ ಸೀಗಡಿ ಹಿಡಿತಾರ. ನಮ್ಮ ತುಂಗಭದ್ರಾ ನೀರಾವರಿ ಹೊಲದಾಗ ನೀರು ಜಾಸ್ತಿ ಬಿಟ್ಟು ಬಿಟ್ಟು ಎಷ್ಟು ಜಮೀನು ಸವಳು ಹಿಡದದ ಎಲ್ಲಾರಿಗೂ ಗೊತ್ತದ, ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಾಗ ಸವಳು ಭೂಮಿ ಸಲುವಾಗೇ ಕೆಲಸ ನಡದದ. ಅಲ್ಲಿ ಮಂದಿ ಉಪ್ಪಿನ ಜೊತಿಗೆ ಹೊಂದಿಕೊಂಡು ಬೆಳಿ ತಗಿತಾರ, ನಾವು ಸಿಹಿನೀರು ಬಿಟ್ಟು ಭೂಮಿ ಉಪ್ಪು ಮಾಡ್ಕೊಂಡೀವಿ. ಕಗ್ಗದ ಅಕ್ಕಿ ಎಲ್ಲೆರ ಸಿಕ್ರ ತರ್ರಿ ಅಕ್ಕಾ, ಬೆಳಿಯೋರ ಕಡಿಮಿ ಆಗ್ಯಾರ.

ಕೊಟ್ಟೂರು_ದಾರಿ
ಅಣ್ಣಾರೆ ಅದೇ ಅಘನಾಶಿನಿ ಅಳಿವೆನ 2024ರಾಗೆ ರಾಮ್ಸರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸ್ಯಾರೆ. ಅದೇ ಸಲ ನಮ್ ಮಗ್ಗುಲ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರನೂ ಸೇರ್ತು. ನಮ್ದು ಹಕ್ಕಿಗೆ, ಅವ್ರದ್ದು ಹಕ್ಕಿಗೂ ಬಳಚಿಗೂ.

ರಾಯಚೂರು_ಮಾಸ್ತರ್
ನಾನು ಕುಮಟಾ ತಾಲೂಕಿನ್ಯಾಗ ಮಾಸ್ತರಕಿ ಮಾಡಿದಾಂವ, ಆಮ್ಯಾಲ ವರ್ಗ ಮಾಡಿಸಿಕೊಂಡು ರಾಯಚೂರಿಗೆ ಬಂದೆ. ತಂಗಿ, ನಿಮ್ಮ ಅತ್ತಿಯವರ ಊಟದ ಚಿಂತಿ ಬಿಡ್ರಿ. ಮಂದಿ ತಿಳ್ಕೊಂಡಂಗ ಉತ್ತರ ಕನ್ನಡ ಅಂದ್ರ ಬರೇ ಮೀನಲ್ಲ, ಸಸ್ಯಾಹಾರದಾಗ ಅವರಷ್ಟು ತರಹ ಮಾಡೋರು ಕಡಿಮಿ. ಗೋಕರ್ಣ ರಥಬೀದಿ ಸುತ್ತ ಶಾಕಾಹಾರಿ ಹೋಟೆಲ್ ಅದಾವ. ಮುಂಜಾನಿ ಬನ್ಸ್ ತಿನ್ರಿ, ಬಾಳೆಹಣ್ಣು ಹಾಕಿ ನಾದಿದ ಪೂರಿ ಅನ್ರಿ, ಸ್ವಲ್ಪ ಸಿಹಿ ಇರ್ತದ, ಅದರ ಜೊತಿ ಚಟ್ನಿ. ನೀರ್‌ದೋಸೆ ಅದ, ಹಚ್ಚಿದ ಅವಲಕ್ಕಿ ಅದ. ಚಾ ಬ್ಯಾಡಂದ್ರ ಕಷಾಯ ಕೇಳ್ರಿ, ಜೀರಿಗಿ ಕೊತ್ತಂಬರಿ ಮೆಣಸು ಹುರಿದು ಪುಡಿ ಮಾಡಿ ಹಾಲು ಬೆಲ್ಲ ಹಾಕಿದ್ದು, ನಮ್ಮ ವಯಸ್ಸಿನವರಿಗೆ ಭಾಳ ಹಿತ.

ಊಟಕ್ಕ ತಂಬುಳಿ ಅಂತ ಕೊಡ್ತಾರ. ಒಂದೆಲಗ, ದೊಡ್ಡಪತ್ರಿ ಹಿಂತಾ ಸೊಪ್ಪು ಕಾಯಿ ಜೊತಿ ರುಬ್ಬಿ ಮಜ್ಜಿಗಿಯೊಳಗ ಕಲಸಿದ್ದು, ಕುದಿಸಂಗಿಲ್ಲ. ಮೊದಲು ಅದನ್ನ ಅನ್ನಕ್ಕ ಹಾಕ್ಕೊಂಡು ಉಣ್ತಾರ. ಅಪ್ಪೆಹುಳಿ ಸಿಕ್ರಂತೂ ವಾಟಗದಾಗ ತಗೊಂಡು ಕುಡೀರಿ. ಹುಳಿ ಮಾವಿನಕಾಯಿ ಬೇಯಿಸಿ ಹಿಂಡಿ, ನೀರು ಧಾರಾಳ ಹಾಕಿ, ಉಪ್ಪು, ಇಂಗು, ಸಾಸಿವಿ, ಮೆಣಸಿನಕಾಯಿ ಒಗ್ಗರಣಿ. ಜನವರಿಗೆ ಹಸಿ ಅಪ್ಪೆ ಸಿಗಂಗಿಲ್ಲ, ಉಪ್ಪುನೀರಾಗ ಹಾಕಿಟ್ಟ ಕಾಯಿಯಿಂದ ಮಾಡ್ತಾರ, ಅದೂ ಚಲೋನ. ಅದನ್ನ ಕುಡಿದು ಮಧ್ಯಾಹ್ನ ಮಲಗಿದ್ರ ಎಬ್ಬಿಸಾಕ ಯಾರರ ಬರಬೇಕು.

ಖಾರ ಜಾಸ್ತಿಯವರ, ನಿಮ್ಮ ಜೊತಿ ವಾದ ಮಾಡಂಗಿಲ್ಲ, ಆದ್ರ ಒಂದು ವಿಚಾರ ಮಾಡ್ರಿ. ನಮ್ಮಲ್ಲಿ ಒಣ ಬಿಸಲು, ನಲವತ್ತೆರಡು ಡಿಗ್ರಿ ಇದ್ರೂ ಬೆವರು ಆರಿ ಹೋಗ್ತದ. ಅಲ್ಲಿ ಮೂವತ್ಮೂರಕ್ಕ ಅಂಗಿ ಹಿಂಡಿದ್ರ ನೀರು ಬರ್ತದ. ಆ ಹವಾಕ್ಕ ಮೈಗೆ ಹುಳಿ, ಉಪ್ಪು, ತಂಪು ಬೇಕಾಗ್ತದ. ಅದಕ್ಕ ಮುರುಗಲು, ಅದಕ್ಕ ತಂಬುಳಿ. ಜ್ವಾಳದ ರೊಟ್ಟಿ ಎಣ್ಣಿಗಾಯಿ ಆ ಹವಾದಾಗ ಎರಡು ದಿನ ಸತತ ಉಂಡು ನೋಡ್ರಿ.

ಹಂಗ ಗೋಕರ್ಣದ ಬಾಜೂಕ ಸಾಣಿಕಟ್ಟಾ ಅದ, ಉಪ್ಪಿನ ಆಗರ. ಬ್ಯಾಸಗಿ ಹೊತ್ತಿಗೆ ಬೆಳ್ಳಗ ಗುಡ್ಡಿ ಹಾಕಿರ್ತಾರ. ದಪ್ಪ ಹರಳುಪ್ಪು, ಉಪ್ಪಿನಕಾಯಿಗೆ ಅದ ಬೇಕಂತಾರ ಅಲ್ಲಿ ಹೆಣ್ಣುಮಕ್ಕಳು. 1930ರ ಉಪ್ಪಿನ ಸತ್ಯಾಗ್ರಹ ನಮ್ಮ ರಾಜ್ಯದಾಗ ನಡದದ್ದು ಅಂಕೋಲಾದಾಗ, ಮಕ್ಕಳಿಗೆ ಹೇಳ್ರಿ, ಮಾಸ್ತರಗಿರಿ ಬಿಡಲಾಕ ಆಗವಲ್ದು ನನಗ.

ಕುಷ್ಟಗಿ_ಬುಲೆಟ್
ಗೋವಾಕ್ಕ ಹೋಗ್ರಿ ಅಕ್ಕಾ, ಕಾರವಾರ ದಾಟಿದ್ರ ಗೋವಾ. ಗೋಕರ್ಣದಾಗ ರಾತ್ರಿ ಒಂಬತ್ತಕ್ಕ ಎಲ್ಲಾ ಬಂದ್.

ಸಂಡೂರು_ಲಾರಿ
ತಮ್ಮಾ, ಅವ್ರು ಅತ್ತೇನ ಕರ್ಕಂಡು ಹೊಂಟಾರೆ, ನಿನ್ನ ಫ್ರೆಂಡ್ಸ್ ಜೊತೆ ಅಲ್ಲ.

ಕುಷ್ಟಗಿ_ಬುಲೆಟ್
😂 ಸರಿ ಅಣ್ಣ. ಆದ್ರ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮ್ಯಾಲಿನ ಕಾಲುದಾರಿ ಐತಿ, ಮಕ್ಕಳನ್ನ ಕರಕೊಂಡು ಅಡ್ಡಾಡ್ರಿ, ಸಂಜಿಮುಂದ ಚಲೋ. ಬೀಚಿನ್ಯಾಗ ಲೈಫ್‌ಗಾರ್ಡ್ ಸೀಟಿ ಊದಿದ್ರ ಸುಮ್ನ ಮ್ಯಾಲ ಬರ್ರಿ. ನಾವು ಕೆರಿ ಕಾಲಿವಿಯೊಳಗ ಈಜು ಕಲತೋರು, ಸಮುದ್ರದ ಸೆಳವು ನಮಗ ಗೊತ್ತಾಗಂಗಿಲ್ಲ, ಮಣಕಾಲ ತನಕ ನೀರಿದ್ರೂ ಕಾಲ ಕೆಳಗಿನ ಉಸುಕು ಎಳಕೊಂಡು ಹೊಕ್ಕೈತಿ. 2024ರ ಡಿಸೆಂಬರಿನ್ಯಾಗ ಮುರ್ಡೇಶ್ವರದಾಗ ಶಾಲಿ ಪ್ರವಾಸಕ್ಕ ಬಂದ ಕೋಲಾರ ಜಿಲ್ಲೆಯ ನಾಕು ಹುಡಿಗ್ಯಾರು ಹೋದ್ರು. ಇದನ್ನ ಬರೀಬೇಕಂತ ಬರದೆ, ಅಂಜಸಾಕ ಅಲ್ಲ.

ಅಂಕೋಲಾದವಳು_ಕೊಪ್ಪಳದಲ್ಲಿ
ಇದು ಬಹಳ ಸರಿಯಾದ ಮಾತು. ನಮ್ಮ ಊರಿನ ಮೀನುಗಾರರೇ ಸುಮ್ಮಸುಮ್ಮನೆ ನೀರಿಗೆ ಇಳಿಯೋದಿಲ್ಲ. ಮಳೆಗಾಲದಲ್ಲಿ ರಸ್ತೆನೂ ನಂಬೋ ಹಾಗಿಲ್ಲ, 2024 ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸಿದದ್ದು ಹೆದ್ದಾರಿ ಬದಿಯಲ್ಲೇ, ಚಹಾ ಅಂಗಡಿ ಸಮೇತ ಹೋಯ್ತು. ಆ ಅಂಗಡಿ ಮುಂದೆ ಲಾರಿ ಯಾವಾಗ್ಲೂ ನಿಂತಿರ್ತಿತ್ತು.

ಸಂಡೂರು_ಲಾರಿ
ಹೂಂ ತಂಗಿ. ಲಾರಿಯವರಿಗೆಲ್ಲ ಗೊತ್ತಿರೋ ಜಾಗ ಅದು. ಬಿಡು.

ಗಂಗಾವತಿ_ಸೊಸಿ
ಎಲ್ಲಾರಿಗೂ ಭಾಳ ಧನ್ಯವಾದ್ರಿ. ಹೋಗಿ ಬಂದು ಬರೀತೀನಿ. ಅತ್ತಿಗೆ ಓದಿ ಹೇಳೀನಿ, ಅಪ್ಪೆಹುಳಿ ಸುದ್ದಿ ಕೇಳಿ ರೊಟ್ಟಿ ಗಂಟು ಅರ್ಧಕ್ಕ ಇಳಿಸ್ಯಾರ. ಪೂರ್ತಿ ಬಿಡಾಕ ಒಪ್ಪವಲ್ರು.

ಗಂಗಾವತಿ_ಸೊಸಿ
ಬಂದ್ವಿರಿ! ಬಟ್ಟಿ ಇನ್ನಾ ಒಗದಿಲ್ಲ, ಎಲ್ಲಾದ್ರಾಗೂ ಉಸುಕು. ಆದ್ರ ಬರೀತೀನಿ ಅಂದಿದ್ದೆ.

ದೇವಸ್ಥಾನದ ಸುದ್ದಿ ಮೊದಲು ಮುಗಸ್ತೀನಿ. ಮಹಾಬಲೇಶ್ವರ ಗುಡಿಯೊಳಗ ಆತ್ಮಲಿಂಗ ಮುಟ್ಟಬೇಕಂದ್ರ ಗಂಡಸರು ಅಂಗಿ ತೆಗದು ಧೋತ್ರ ಉಟಗೊಂಡು ಹೋಗಬೇಕು, ಮನಿಯಿಂದ ಒಯ್ಯೂದು ಚಲೋ. ಮುಂಜಾನೆ ಲಗೂ ಹೋದ್ರ ಗದ್ದಲ ಕಡಿಮಿ. ಅಷ್ಟ.

ಈಗ ಊಟ. ಲಾರಿ ಅಣ್ಣಾರು ಹೇಳಿದಂಗ ಅಂಕೋಲಾಕ್ಕ ಹೋದ್ವಿ, ಮೊದಲು ಮೀನ ಪ್ಯಾಟಿ ನೋಡಿದ್ವಿ. ಎಲ್ಲಾ ಹೆಣ್ಣುಮಕ್ಕಳದ ವ್ಯಾಪಾರ. ದಾರಿಮ್ಯಾಲ ಹಾಲಕ್ಕಿ ಸಮಾಜದ ಹೆಣ್ಣುಮಕ್ಕಳು ಕೊಳ್ಳತುಂಬ ಮಣಿ ಸರ ಹಾಕ್ಕೊಂಡು ಸೊಪ್ಪು, ಗೆಣಸು ಮಾರಕೋಂತ ಕುಂತಿದ್ರು, ಅತ್ತಿ ಅಲ್ಲೇ ಕುಂತು ಬಿಟ್ರು, ಮೀನಿನ ಕಡೆ ಬರ್ಲಿಲ್ಲ. ಒಳಗ ಒಬ್ಬಾಕಿ ಅಜ್ಜಿ ನನಗ ಮೀನ ನೋಡೂದು ಕಲಿಸಿದ್ಲು, ನಾನು ತಗೊಳ್ಳಂಗಿಲ್ಲ ಅಂತ ಗೊತ್ತಿದ್ದೂ. ಕಿವಿರು ಎತ್ತಿ ತೋರಿಸಿದ್ಲು, ಒಳಗ ಕೆಂಪ ರಗತದ ಬಣ್ಣ ಇರಬೇಕು, ಕಂದು ಆಗಿದ್ರ ಬ್ಯಾಡ. ಕಣ್ಣು ಉಬ್ಬಿರಬೇಕು, ಮಸುಕು ಇರಬಾರದು. ಬೊಟ್ಟಿಲೆ ಒತ್ತಿದ್ರ ತೆಗ್ಗು ಬೀಳದ ಹಂಗ ಎದ್ದು ಬರಬೇಕು. ಅಷ್ಟು ಹೇಳಿ ಮುಂದಿನ ಗಿರಾಕಿ ಬಂದ ಕೂಡ್ಲೆ ನನ್ನ ಸರಿಸಿದ್ಲು.

ಊಟದ ಹೋಟೆಲ್ ಸಣ್ಣದು, ಬೆಂಚು ಹಾಕ್ಯಾರ, ಗ್ವಾಡಿಮ್ಯಾಲ ಬೋರ್ಡಿನ್ಯಾಗ ಚಾಕ್‌ಪೀಸಿಲೆ ಅವತ್ತಿನ ಮೀನು ಬರದಿದ್ರು. ಬಂಗಡೆ ರವಾ ಫ್ರೈ ಬಂತು. ಇಡೀ ಮೀನ, ತಲಿ ಸಮೇತ, ಮೈಮ್ಯಾಲ ಚಾಕುಲೆ ಗೀರು ಹಾಕಿ ಮಸಾಲಿ ತುಂಬ್ಯಾರ, ಹೊರಗ ರವಾ ಗರಿಗರಿ. ಎಲ್ಲಿಂದ ಚಾಲೂ ಮಾಡಬೇಕಂತ ನಾವು ನೋಡಕೋಂತ ಕುಂತಿದ್ದು ಕಂಡು ಬಡಸೋ ಅಣ್ಣ ಬಂದು ಬೆನ್ನ ಮ್ಯಾಲ ಬೊಟ್ಟು ಒತ್ತಿ ಎರಡು ಕಡೆ ಮಾಂಸ ಬಿಡಿಸಿ ನಡುವಿನ ಮುಳ್ಳು ತಲಿಯಿಂದ ಬಾಲದ ತನಕ ಒಂದ ಎಳತಕ್ಕ ತೆಗದಿಟ್ಟ. ನಮ್ಮ ಸಣ್ಣ ಮಗ ಚಪ್ಪಾಳಿ ಹೊಡದ! ಆಮ್ಯಾಲ ಅಂವನ ಎಲ್ಲಾರ್ದೂ ಬಿಡಿಸಿಕೊಟ್ಟ. ಹೊಟ್ಟಿ ಕಡೆ ಸಣ್ಣ ಮುಳ್ಳು ಇರತಾವ, ಅಲ್ಲಿ ಮಕ್ಕಳಿಗೆ ಕೊಡಬಾರದು ಅಂದ.

ಸಾರಿನೊಳಗ ಏನೋ ಒಂದು ಕಾಯಿ ಇತ್ತು, ಅರೆದದ್ದಲ್ಲ, ಜಜ್ಜಿ ಹಾಕಿದ್ದು. ನಮ್ಮನಿಯವ್ರು ಅದನ್ನ ಅಗದು ಬಿಟ್ರು, ಹತ್ತು ನಿಮಿಷ ನಾಲಿಗಿ ಜುಮು ಜುಮು. ಕರೆಂಟ್ ಹೊಡದಂಗ ಆಗೈತಿ ನೀರು ಕೊಡು ಅಂತ ಹೇಳಿ ಮತ್ತ ಅದ ಸಾರು ಹಾಕಿಸ್ಕೊಂಡ್ರು. ಅದೇನ್ರಿ ಅಂಕೋಲಾ ಅಕ್ಕಾ? ಸೋಲ್‌ಕಡಿ ಮಕ್ಕಳಿಗೆ ಸೇರಲಿಲ್ಲ, ನನಗ ಭಾಳ ಸೇರಿತು. ಬಳಚು ಸುಕ್ಕೆ ನಾನೊಬ್ಬಾಕಿನ ತಿಂದೆ.

ಅತ್ತಿ ಸುದ್ದಿ ಕೇಳಬ್ಯಾಡ್ರಿ. ಅಪ್ಪೆಹುಳಿ ವಾಟಗ ಮ್ಯಾಲ ವಾಟಗ. ರೊಟ್ಟಿ ಹಂಗ ವಾಪಸ್ ಬಂದಾವ, ಇವತ್ತು ಮುರಿದು ಒಗ್ಗರಣಿ ಹಾಕೀನಿ.

ಅಂಕೋಲಾದವಳು_ಕೊಪ್ಪಳದಲ್ಲಿ
ಅಯ್ಯೋ ಓದಿ ಹೊಟ್ಟೆ ಉರೀತಾ ಇದೆ, ಅಮ್ಮನ ಮನೆಗೆ ಹೋಗ್ಬೇಕು ಈಗಲೇ.

ಅದು ಜುಮ್ಮನಕಾಯಿ ಅಕ್ಕ, ಕೊಂಕಣಿಯವರು ತೆಪ್ಪಳ ಅಂತಾರೆ. ಮುಳ್ಳಿನ ಮರದಲ್ಲಿ ಗೊಂಚಲಾಗಿ ಬಿಡ್ತದೆ, ಮಳೆಗಾಲದಲ್ಲಿ ಹಸಿದು ಸಿಗ್ತದೆ, ಉಳಿದ ಕಾಲಕ್ಕೆ ಒಣಗಿಸಿ ಡಬ್ಬಿಯಲ್ಲಿ ಇಟ್ಕೊಳ್ತೇವೆ. ಒಳಗಿನ ಕರೀ ಬೀಜ ತೆಗೆದು ಬಿಸಾಡಬೇಕು, ಮೇಲಿನ ಸಿಪ್ಪೆ ಮಾತ್ರ. ಬಂಗಡೆ, ತಾರ್ಲೆ ಹೀಗೆ ಎಣ್ಣೆ ಇರೋ ಮೀನಿಗೆ ಅದು ಬೇಕೇ ಬೇಕು, ವಾಸನೆ ಮುರೀತದೆ.

ಮಾಡೋದು ಹೇಳ್ತೇನೆ, ಕೊಪ್ಪಳದಲ್ಲೂ ಮಾಡ್ತೇನೆ ನಾನು. ಒಂದು ಹೋಳು ತೆಂಗಿನಕಾಯಿ ತುರಿ, ಏಳೆಂಟು ಬ್ಯಾಡಗಿ ಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಚಿಟಿಕೆ ಅರಿಶಿನ, ಸ್ವಲ್ಪ ಹುಣಸೆ, ಇಷ್ಟು ನುಣ್ಣಗೆ ಬೆಣ್ಣೆಯಾಗೋ ತನಕ ರುಬ್ಬಬೇಕು. ಮಿಕ್ಸರಲ್ಲಿ ತರಿ ಉಳಿದ್ರೆ ಸಾರು ಒಡೀತದೆ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಒಗ್ಗರಣೆ ಇಲ್ಲ. ಖಾರ ಜಾಸ್ತಿ ಅಣ್ಣ ಕೇಳಿಸ್ಕೊಳ್ಳಿ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಹಾಕೋ ಹಾಗಿಲ್ಲ! ರುಬ್ಬಿದ್ದಕ್ಕೆ ನೀರು, ಉಪ್ಪು ಹಾಕಿ ಒಂದು ಕುದಿ ಬಂದ ಮೇಲೆ ಮೀನು ಬಿಡಿ, ಜುಮ್ಮನಕಾಯಿ ಆರೇಳು ಜಜ್ಜಿ ಹಾಕಿ. ಸೌಟು ಹಾಕಿ ತಿರುವಬೇಡಿ, ಮೀನು ಪುಡಿಯಾಗ್ತದೆ, ಪಾತ್ರೆನೇ ಬಟ್ಟೆಯಲ್ಲಿ ಹಿಡಿದು ಅಲ್ಲಾಡಿಸಿ. ಮೀನು ಬೇಯೋಕೆ ಜಾಸ್ತಿ ಹೊತ್ತು ಬೇಡ. ಕೊನೆಗೆ ಒಂದು ಚಮಚ ಹಸಿ ತೆಂಗಿನೆಣ್ಣೆ ಮೇಲಿಂದ. ಮಣ್ಣಿನ ಚಟ್ಟಿಯಲ್ಲಿ ಮಾಡಿ ಮಾರನೇ ದಿನ ಬಿಸಿ ಮಾಡಿ ಉಣ್ಣಿ, ಅವತ್ತಿನದಕ್ಕಿಂತ ರುಚಿ.

ಗಂಗಾವತಿ_ಸೊಸಿ
ಡ್ಯಾಮಿನ ಮೀನಿಗೆ ನಡಿತೈತ್ಯೋ ಇಲ್ಲೋ?

ಅಂಕೋಲಾದವಳು_ಕೊಪ್ಪಳದಲ್ಲಿ
ಮಾಡಿ ನೋಡಿದ್ದೇನೆ, ರೋಹುಗೆ ಅಷ್ಟು ಸೇರೋದಿಲ್ಲ, ಅದಕ್ಕೆ ನಿಮ್ಮ ಕಡೆ ಹುಣಸೆ, ಶೇಂಗಾ, ಬೆಳ್ಳುಳ್ಳಿ ಮಸಾಲೆನೇ ಸರಿ. ಹೊಳೆಮೀನಿನ ಮಣ್ಣು ವಾಸನೆಗೆ ಅದು ಬೇಕು. ನಿಮ್ಮೂರ ಮೀನಿಗೆ ನಿಮ್ಮೂರ ಸಾರು ಮಾಡಿ.

ರಾಯಚೂರು_ಮಾಸ್ತರ್
ಕೃಷ್ಣಾ ಹೊಳಿ ಮೀನಿಗೂ ಅದ ಮಾತು. ಒಪ್ಪಿದೆ.

ದೇವದುರ್ಗ_ಪ್ರಯಾಣಿಕ
ಕಾರಿಲ್ಲದವರು ಹೆಂಗ ಹೋಗಬೇಕ್ರಿ? ಬಸ್ಸಿನ್ಯಾಗ ಅಪ್ಪಗ ಕುಂಡ್ರಾಕ ಆಗಂಗಿಲ್ಲ.

ಕೊಟ್ಟೂರು_ದಾರಿ
ಅಮರಾವತಿ ಎಕ್ಸ್‌ಪ್ರೆಸ್ ಗುಂತಕಲ್, ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಹುಬ್ಬಳ್ಳಿ ಮೇಲೆ ವಾಸ್ಕೋಗೆ ಹೋಗ್ತೈತೆ, ದಿನಾ ಇರಲ್ಲ, ವಾರ ನೋಡ್ಕಳ್ರಿ. ಮಡಗಾಂವ್‌ನಾಗೆ ಇಳಿದು ಕೊಂಕಣ ರೈಲ್ವೆ ಹಿಡಿದ್ರೆ ಕಾರವಾರ, ಅಂಕೋಲಾ, ಗೋಕರ್ಣ ರೋಡ್. ಸುತ್ತು ಆಗ್ತೈತೆ, ಆದ್ರೆ ಕ್ಯಾಸಲ್‌ರಾಕ್ ಇಳಿಯೋ ಘಾಟು ಕಿಟಕಿಯಾಗೆ ನೋಡಬಹುದು. ಗೋಕರ್ಣ ರೋಡ್ ಸ್ಟೇಷನ್ ಊರಿಂದ ದೂರ ಐತೆ, ಆಟೋ ಮಾಡಬೇಕು.

ಸಂಡೂರು_ಲಾರಿ
ಹುಬ್ಬಳ್ಳಿ ಅಂಕೋಲಾ ರೈಲು ಆಗಿದ್ರೆ ಈ ಸುತ್ತು ಇರ್ತಿರ್ಲಿಲ್ಲ. ನಮ್ ಅದಿರು ಸಾಗಿಸಾಕೆ ಅಂತೇಳಿ ಶುರುವಾಗಿದ್ದು, ಅಡಿಗಲ್ಲು ಹಾಕಿ ಇಪ್ಪತ್ತೈದು ವರ್ಷದ ಮೇಲಾಯ್ತು. ಕಾಡು ಹೋಗ್ತೈತೆ ಅಂತ ಕೋರ್ಟಿಗೂ ಹೋಗಿತ್ತು. ಆ ಕಾಡು ನೋಡಿದೋನು ನಾನು, ಹೋಗ್ಬಾರ್ದು ಅಂತಾನೂ ಅನಿಸ್ತೈತೆ, ರೈಲು ಬರಲಿ ಅಂತಾನೂ ಅನಿಸ್ತೈತೆ.

ಸಿಂಧನೂರು_ಭತ್ತ
ಅಕ್ಕಾ ಕಗ್ಗದ ಅಕ್ಕಿ?

ಗಂಗಾವತಿ_ಸೊಸಿ
ಕೇಳಿದ್ವಿ ಅಣ್ಣಾರ, ಅಂಗಡ್ಯಾಗ ಸಿಗಲಿಲ್ಲ. ಬೆಳೆದೋರ ಮನಿಗೆ ಹೋಗಬೇಕಂತ, ಮತ್ತ ಅವರೂ ಉಣ್ಣಾಕ ಇಟಗೊಂಡಿರ್ತಾರಂತ. ಕುಮಟಾದ ಸಿಹಿ ಉಳ್ಳಾಗಡ್ಡಿ ಜಡಿ ಹಂಗ ಹೆಣೆದು ರಸ್ತೆಬದಿಗೆ ತೂಗ ಹಾಕ್ತಾರಂತಲ್ಲ, ಅದೂ ಬ್ಯಾಸಗಿಗೆ ಅಂತ.

ಅಂಕೋಲಾದವಳು_ಕೊಪ್ಪಳದಲ್ಲಿ
ಅದಕ್ಕೆ ಮೇ ತಿಂಗಳಲ್ಲಿ ಇನ್ನೊಂದು ಸಲ ಹೋಗಿ, ಸೆಖೆ ತಡ್ಕೊಂಡ್ರೆ. ಆವಾಗ ಕರಿ ಇಶಾಡು ಮಾವು ಇರ್ತದೆ, 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ ಅದಕ್ಕೆ. ಸಿಪ್ಪೆ ತೆಳು, ರಸ ತುಂಬಾ, ಹಣ್ಣಾದ ಮೇಲೆ ಹೆಚ್ಚು ದಿನ ತಡೆಯೋದಿಲ್ಲ, ಅದಕ್ಕೇ ನಿಮ್ಮ ಕಡೆ ಮಾರ್ಕೆಟಿಗೆ ಬರೋದಿಲ್ಲ. ಅಲ್ಲೇ ಕೂತು ತಿನ್ಬೇಕು.

ಖಾರ_ಜಾಸ್ತಿ_ಬಳ್ಳಾರಿ
ಇಷ್ಟೆಲ್ಲಾ ಓದಿದ ಮೇಲೆ ಒಂದು ಡೌಟು. ಆ ಸೋಲ್‌ಕಡಿ ಬಳ್ಳಾರಿನಾಗೆ ಮಾಡಬಹುದಾ? ನನಗಲ್ಲ, ಮನೆಯಾಕಿಗೆ ಪಿತ್ತ ಜಾಸ್ತಿ, ಅದಕ್ಕೆ ಕೇಳಿದೆ.

ಸಂಡೂರು_ಲಾರಿ
ಮನೆಯಾಕಿಗೆ ಅಂತೆ 😂

ಅಂಕೋಲಾದವಳು_ಕೊಪ್ಪಳದಲ್ಲಿ
ಮಾಡಬಹುದು ಅಣ್ಣ. ಒಣಗಿದ ಮುರುಗಲು ಸಿಪ್ಪೆ ಬೇಕು, ಕೋಕಂ ಅಂತ ಕೇಳಿದ್ರೆ ದೊಡ್ಡ ಕಿರಾಣಿಯಲ್ಲಿ, ಇಲ್ಲಾಂದ್ರೆ ಆಯುರ್ವೇದ ಸಾಮಾನು ಇಡೋರ ಹತ್ರ ಸಿಗ್ತದೆ. ಕರೀ ಬಣ್ಣ ಇರ್ಲಿ, ಮುಟ್ಟಿದ್ರೆ ಮೆತ್ತಗಿರ್ಲಿ, ಕಟ್ಟಿಗೆ ಹಾಗೆ ಒಣಗಿದ್ದು ಹಳೇದು. ಏಳೆಂಟು ಸಿಪ್ಪೆ ಬಿಸಿನೀರಲ್ಲಿ ಅರ್ಧ ತಾಸು ನೆನೆಹಾಕಿ ಹಿಸುಕಿ ಸೋಸಿ. ತೆಂಗಿನಕಾಯಿಯ ದಪ್ಪ ಹಾಲು ತೆಗೆದು ಅದಕ್ಕೆ ಸೇರಿಸಿ, ಉಪ್ಪು, ಒಂದು ಎಸಳು ಬೆಳ್ಳುಳ್ಳಿ, ಅರ್ಧ ಹಸಿಮೆಣಸು ಜಜ್ಜಿ ಹಾಕಿ, ಮೇಲೆ ಕೊತ್ತಂಬರಿ ಸೊಪ್ಪು. ಕುದಿಸಬೇಡಿ, ಒಡೀತದೆ. ಹಸಿಮೆಣಸು ಅರ್ಧ ಅಂದ್ರೆ ಅರ್ಧನೇ ಅಣ್ಣ, ನಾಲ್ಕು ಹಾಕಿ ಆಮೇಲೆ ಇಲ್ಲಿ ಬಂದು ಹೇಳಬೇಡಿ.